ವನಯಾತ್ರೆಯೂ ಸಾರ್ವಜನಿಕ ದ್ರವ್ಯವೂ

ಚಿತ್ರದುರ್ಗದಿಂದ ದಕ್ಷಿಣಕ್ಕೆ ಸುಮಾರು ೧೦ ಕಿಲೋಮೀಟರು ದೂರದಲ್ಲಿ ಜೋಗಿಮಟ್ಟಿಯ ನೆತ್ತಿಯಿದೆ. ಮಟ್ಟಿಯೆಂದರೆ ದಿಬ್ಬ. ಜೋಗಿಯ ದಿಬ್ಬವೆಂದು ಅದಕ್ಕೆ ಹೆಸರಿಟ್ಟವರು ಯಾವ ಕಾಲದವರೇ ಆಗಿರಲಿ, ಲೋಕಕ್ಕೆ ಬೆನ್ನುಹಾಕಿ ಬಂದವನಿಗೆ ಅದು ತಕ್ಕ ತಾಣವೆಂಬುದನ್ನು ಬಲ್ಲವರಾಗಿದ್ದರು. ಬೇಸಗೆಯಲ್ಲಿ ಸುತ್ತಣ ಬಯಲು ಕಾದ ಹಂಚಿನಂತಾದಾಗಲೂ ಅಲ್ಲಿ ಗಾಳಿ ಬಿಡುವಿಲ್ಲದೆ ಬೀಸುತ್ತದೆ. ಮಳೆಗಾಲದ ಮುಂಜಾನೆ ಮಂಜು ಕವಿದು ಹತ್ತು ಮಾರು ದೂರದ ಮರವೂ ಕಾಣದಾಗುತ್ತದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಂಬ ನಾಲ್ಕು ತಾಲ್ಲೂಕುಗಳಿಗೆ ಸೇರಿದ ಈ ಕಾಡು ೨೦೧೫ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾಯಿತು. ಕರಡಿ, ಚಿರತೆ, ನವಿಲುಗಳಿಗೆ ಅದು ಮನೆ. ದುರ್ಗದ ಬೀದಿಗಳಲ್ಲಿ ನಿಂತು ಈ ಬೆಟ್ಟಸಾಲನ್ನು ದಿನವೂ ನೋಡುತ್ತ ಬೆಳೆದರೂ ಒಮ್ಮೆಯಾದರೂ ಅದರೊಳಗೆ ಕಾಲಿಡದೆ ಶಾಲೆಯ ಓದನ್ನು ಮುಗಿಸುವ ಮಕ್ಕಳಿದ್ದಾರೆ. ಅವರಿಗೂ ಕಾಡಿಗೂ ನಡುವೆ ಇರುವ ಅಂತರ ದಾರಿಯ ಅಂತರವಲ್ಲ. ಕರೆದೊಯ್ಯುವವರಿಲ್ಲ, ಕೈಯಲ್ಲಿ ಕಾಸಿಲ್ಲ, ಹೋಗಬಹುದೆಂಬ ಆಲೋಚನೆಯೂ ಮನೆಯಲ್ಲಿ ಹುಟ್ಟುವುದಿಲ್ಲ.

ಇಂತಹ ಮಕ್ಕಳಿಗಾಗಿ ಹಣವನ್ನು ವ್ಯಯಮಾಡುವ ಪದ್ಧತಿ ಈಗ ನಾಡಿನಲ್ಲಿ ಬೆಳೆದಿದೆ. ಅರಣ್ಯ ಇಲಾಖೆಯವರು ‘ಚಿಣ್ಣರ ವನದರ್ಶನ’ವೆಂಬ ಹೆಸರಿನಲ್ಲಿ ಶಾಲೆಯ ಮಕ್ಕಳನ್ನು ಕಾಡಿಗೆ ಕರೆದೊಯ್ಯುತ್ತಾರೆ. ರಾಜ್ಯದ ಯುವಜನ ಮತ್ತು ಕ್ರೀಡಾ ಇಲಾಖೆಯ ಆಶ್ರಯದಲ್ಲಿ, ಕೊಡಗಿನ ವೀರಪುತ್ರನ ಹೆಸರನ್ನು ಹೊತ್ತ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯು ತರುಣರಿಗೆ ಬಂಡೆ ಹತ್ತುವುದು ಮೊದಲಾದ ಸಾಹಸವಿದ್ಯೆಗಳನ್ನು ಕಲಿಸುತ್ತದೆ. ಹಿಮಾಲಯದ ಕಡೆಗೆ ನೋಡಿದರೆ, ತೇನ್‌ಸಿಂಗನು ಎವರೆಸ್ಟನ್ನು ಹತ್ತಿದ ಮರುವರ್ಷವೇ, ಅಂದರೆ ೧೯೫೪ರಲ್ಲಿ, ಡಾರ್ಜಿಲಿಂಗಿನಲ್ಲಿ ಪರ್ವತಾರೋಹಣದ ವಿದ್ಯಾಲಯ ಸ್ಥಾಪಿತವಾಯಿತು. ೧೯೬೫ರಲ್ಲಿ ಉತ್ತರಕಾಶಿಯಲ್ಲಿ ನೆಹರೂ ಅವರ ಹೆಸರಿನ ಮತ್ತೊಂದು ವಿದ್ಯಾಲಯ ಹುಟ್ಟಿತು. ಸರಕಾರದ ಬೊಕ್ಕಸದಿಂದ ಬಂದರೂ ದಾನಿಗಳ ದತ್ತಿಯಿಂದ ಬಂದರೂ ಈ ಹಣ ಹಲವರ ಬೆವರಿನಿಂದ ಕೂಡಿದ್ದು. ಆದಕಾರಣ ಇಲ್ಲಿ ಒಂದು ಧರ್ಮವಿಚಾರವು ಎದ್ದು ನಿಲ್ಲುತ್ತದೆ. ಅನ್ನ, ನೀರು, ಔಷಧಗಳಿಗೆ ಸಾಲದೆ ಬರುವ ದ್ರವ್ಯವನ್ನು ಹುಡುಗರ ವನಸಂಚಾರಕ್ಕೆ ಕೊಡುವುದು ನ್ಯಾಯವೇ? ಕೊಡುವುದಾದರೆ ಅದನ್ನು ಏನೆಂದು ಕರೆಯಬೇಕು: ದಾನವೆಂದೋ, ಬಹುಮಾನವೆಂದೋ, ಋಣವೆಂದೋ?

ಪೂರ್ವಪಕ್ಷದ ಮಾತನ್ನು ಮೊದಲು ಪೂರ್ಣವಾಗಿ ಕೇಳತಕ್ಕದ್ದು. ಏಕೆಂದರೆ ಅದು ಅಲ್ಪರ ಮಾತಲ್ಲ. ಚಿತ್ರದುರ್ಗದ ಸೀಮೆ ಮಳೆಯ ಬಡತನಕ್ಕೆ ಹೆಸರಾದದ್ದು. ಮಾರಿಕಣಿವೆಯಲ್ಲಿ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರವು ೧೯೩೩ರಲ್ಲಿ ಒಮ್ಮೆ ಕೋಡಿಬಿದ್ದ ಬಳಿಕ ಮತ್ತೆ ಕೋಡಿಬಿದ್ದದ್ದು ೨೦೨೨ರಲ್ಲಿ. ನಡುವೆ ೮೯ ವರ್ಷಗಳು ಕಳೆದುವು. ಇಂತಹ ಸೀಮೆಯಲ್ಲಿ ಬೆಟ್ಟವನ್ನು ಹತ್ತಿಸುವುದಕ್ಕೆ ಹಣವೆಂದರೆ ರೈತನ ಕಿವಿಗೆ ಅದು ಪರಿಹಾಸದಂತೆ ಕೇಳಿಸಿದರೆ ಆಶ್ಚರ್ಯವಿಲ್ಲ. ಎರಡನೆಯ ಆಕ್ಷೇಪವಿದು: ಧೈರ್ಯವು ಹುಟ್ಟಿನಿಂದ ಬರತಕ್ಕದ್ದು, ಹಣವಿತ್ತು ಕಲಿಸತಕ್ಕದ್ದಲ್ಲ, ಒನಕೆ ಹಿಡಿದು ಕಿಂಡಿಯ ಬಳಿ ನಿಂತ ಓಬವ್ವನಿಗೆ ಯಾವ ಶಿಬಿರದಲ್ಲಿ ಶಿಕ್ಷಣವಾಗಿತ್ತು? ಮೂರನೆಯದು ಕಾಡಿನ ಪರವಾದ ಮಾತು: ಮನುಷ್ಯನ ಕಾಲು ಬೀಳದ ಜಾಗಗಳು ಉಳಿದಿರುವುದೇ ಕೆಲವು, ಹಣಕೊಟ್ಟು ಅಲ್ಲಿಗೂ ಜನರನ್ನು ನುಗ್ಗಿಸಿದರೆ ಜೋಗಿಯ ದಿಬ್ಬವು ಜಾತ್ರೆಯ ದಿಬ್ಬವಾಗುತ್ತದೆ. ಈ ಮೂರರಲ್ಲಿ ಒಂದನ್ನಾದರೂ ನಕ್ಕು ತಳ್ಳುವ ಹಾಗಿಲ್ಲ.

ಮೊದಲನೆಯದನ್ನು ನೋಡೋಣ. ಹಸಿದವನಿಗೆ ಅನ್ನವೇ ಮೊದಲು ಎಂಬುದರಲ್ಲಿ ವಿವಾದವಿಲ್ಲ. ಆದರೆ ಈ ನಿಯಮವನ್ನು ಕಟ್ಟಕಡೆಯವರೆಗೆ ಎಳೆದರೆ ಊರಿನಲ್ಲಿ ಪುಸ್ತಕಭಂಡಾರವಿರಕೂಡದು, ಸಂಗೀತದ ಪಾಠವಿರಕೂಡದು, ಆಟದ ಬಯಲೂ ಇರಕೂಡದು. ಎಲ್ಲರ ಬಾವಿಯಲ್ಲೂ ನೀರು ತುಂಬುವ ತನಕ ಇವೆಲ್ಲ ಕಾಯಬೇಕು. ಹಾಗೆ ಕಾದರೆ ಕಾಯುವವರು ಯಾರು? ಉಳ್ಳವರಂತೂ ಕಾಯುವುದಿಲ್ಲ. ಅವರ ಮಕ್ಕಳು ರಜೆಯಲ್ಲಿ ಹಿಮಾಲಯಕ್ಕೂ ಹೋಗುತ್ತಾರೆ, ಪಶ್ಚಿಮಘಟ್ಟಕ್ಕೂ ಹೋಗುತ್ತಾರೆ. ಹಗ್ಗ, ಡೇರೆ, ಮಾರ್ಗದರ್ಶಕ ಎಲ್ಲವೂ ಅವರಿಗೆ ಕ್ರಯಕ್ಕೆ ದೊರೆಯುತ್ತವೆ. ಕಾಯಬೇಕಾದವರು ಇಲ್ಲದವರ ಮಕ್ಕಳು ಮಾತ್ರ. ಅಂದಮೇಲೆ ಧನಸಹಾಯವನ್ನು ನಿಲ್ಲಿಸುವುದರಿಂದ ವನಯಾತ್ರೆ ನಿಲ್ಲುವುದಿಲ್ಲ. ಅದು ಪಿತ್ರಾರ್ಜಿತ ಆಸ್ತಿಯಂತೆ ಕೆಲವು ಮನೆಗಳಲ್ಲಿಯೇ ಉಳಿದುಕೊಳ್ಳುತ್ತದೆ. ಕತ್ತಲೆಯಲ್ಲಿ ಹೆದರದೆ ಕೂರುವುದು, ದಣಿದವನ ಹೊರೆಯನ್ನು ತಾನು ಹೊರುವುದು, ಅನ್ನ ನೀರುಗಳನ್ನು ಅಳತೆಮಾಡಿ ಹಂಚಿಕೊಳ್ಳುವುದು ಇವು ಗುಣಗಳೆಂದಾದರೆ, ಗುಣಗಳ ಶಿಕ್ಷಣವು ಹಣವಂತರ ಸ್ವತ್ತಾಗುವುದನ್ನು ಯಾವ ಧರ್ಮಶಾಸ್ತ್ರವೂ ಒಪ್ಪಲಾರದು.

ಲೋಕದ ಇತರ ಭಾಗಗಳಲ್ಲಿಯೂ ಈ ವಿಚಾರವು ಮೊದಲಿನಿಂದಲೂ ಎದ್ದಿತ್ತು. ೧೯೦೭ರ ಆಗಸ್ಟಿನಲ್ಲಿ ಬೇಡನ್ ಪೊವೆಲ್ಲನು ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು ೨೦ ಹುಡುಗರ ಶಿಬಿರವನ್ನು ನಡೆಸಿದನು. ಸ್ಕೌಟ್ ಚಳವಳಿಯ ಬೀಜವದು. ದೊಡ್ಡ ಮನೆತನದ ಹುಡುಗರನ್ನೂ ದುಡಿಯುವವರ ಹುಡುಗರನ್ನೂ ಅವನು ಒಂದೇ ಡೇರೆಗಳ ಸಾಲಿನಲ್ಲಿ ಇರಿಸಿದನು. ಆದರೆ ಶುಲ್ಕವು ಒಂದೇ ಆಗಿರಲಿಲ್ಲ. ಶ್ರೀಮಂತ ಶಾಲೆಗಳ ಹುಡುಗರು ಒಂದು ಪೌಂಡನ್ನು ತೆರಬೇಕಾಗಿದ್ದರೆ ಉಳಿದವರು ಮೂರೂವರೆ ಷಿಲಿಂಗನ್ನು ತೆತ್ತರು. ಅನ್ನ ಒಂದೇ, ಕೆಲಸ ಒಂದೇ, ತೆರುವುದು ಮಾತ್ರ ಶಕ್ತ್ಯನುಸಾರ. ಇನ್ನು ನೆರೆಯ ನಾಡಿನ ಉದಾಹರಣೆ. ಕೂಲಿಯ ರೈತ ದಂಪತಿಗಳ ಮಗಳು, ಬುಡಕಟ್ಟಿನ ಮಾಲಾವತ್ ಪೂರ್ಣಾ, ಸರಕಾರದ ಸಮಾಜಕಲ್ಯಾಣ ವಸತಿಶಾಲೆಯ ವಿದ್ಯಾರ್ಥಿನಿ. ಭುವನಗಿರಿಯ ಬಂಡೆಯ ಮೇಲೆ ಮೊದಲ ಪಾಠವನ್ನೂ ಡಾರ್ಜಿಲಿಂಗಿನಲ್ಲಿ ಮುಂದಿನ ಪಾಠವನ್ನೂ ಸಾರ್ವಜನಿಕ ದ್ರವ್ಯದಿಂದಲೇ ಕಲಿತು, ೨೦೧೪ರ ಮೇ ೨೫ರಂದು, ಹದಿನಾಲ್ಕು ತುಂಬುವ ಮೊದಲೇ, ಎವರೆಸ್ಟಿನ ನೆತ್ತಿಯನ್ನು ಮುಟ್ಟಿದಳು. ಅಷ್ಟು ಎಳೆಯ ಮಗುವನ್ನು ಅಂತಹ ಅಪಾಯಕ್ಕೆ ಒಡ್ಡಬಹುದೇ ಎಂದು ಕೇಳುವವರ ಪ್ರಶ್ನೆಗೂ ತೂಕವುಂಟು. ಆದರೆ ಅವಳಂತಹ ಸಾವಿರಾರು ಮಕ್ಕಳು ಅಂದು ತಮ್ಮ ವಿಷಯದಲ್ಲಿ ಹೊಸದಾಗಿ ಆಲೋಚಿಸುವಂತಾದುದನ್ನು ಯಾವ ಲೆಕ್ಕದ ಪುಸ್ತಕದಲ್ಲಿ ಬರೆಯಬೇಕು?

ಎರಡನೆಯ ಆಕ್ಷೇಪವು ಧೈರ್ಯವನ್ನು ಕುರಿತದ್ದು. ಓಬವ್ವನಂತಹವರು ಹುಟ್ಟುತ್ತಾರೆ, ನಿಜ. ದುರ್ಗದ ಕೋಟೆಯ ಗೋಡೆಗಳನ್ನು ಹಗ್ಗವಿಲ್ಲದೆ ಬರಿಗೈಯಲ್ಲಿ ಹತ್ತಿ ‘ಕೋತಿರಾಜ’ನೆಂದು ಹೆಸರಾದ ಜ್ಯೋತಿರಾಜರನ್ನು ಕಂಡು ಬೆರಗಾಗದವರಿಲ್ಲ. ಆದರೆ ಅಸಾಧಾರಣರನ್ನು ಪ್ರಮಾಣವಾಗಿ ಹಿಡಿದು ಸಾಧಾರಣರಿಗೆ ನಿಯಮಮಾಡುವುದು ತರ್ಕದೋಷ. ಗೋಡೆಯನ್ನು ನೋಡಿ ಬೆರಗಾದ ಹುಡುಗನು ಮರುದಿನ ಒಬ್ಬನೇ ಅದನ್ನು ಹತ್ತಲು ಹೋದರೆ ಅವನನ್ನು ಕಾಯುವುದು ಬೆರಗಲ್ಲ, ಶಿಕ್ಷಣ. ೧೯೪೧ರಲ್ಲಿ, ಯುದ್ಧದ ನಡುವೆ, ವೇಲ್ಸಿನ ಅಬರ್‌ಡೋವಿಯಲ್ಲಿ ಕುರ್ಟ್ ಹಾನ್ ಎಂಬ ಉಪಾಧ್ಯಾಯನು ಹಡಗುಗಳ ಒಡೆಯನಾದ ಲಾರೆನ್ಸ್ ಹೋಲ್ಟನ ನೆರವಿನಿಂದ ಒಂದು ಶಾಲೆಯನ್ನು ತೆರೆದನು. ಮುಳುಗಿದ ಹಡಗುಗಳಿಂದ ದೋಣಿಗಿಳಿದವರಲ್ಲಿ ಬಲಿಷ್ಠ ತರುಣರಿಗಿಂತ ವಯಸ್ಸಾದ ನಾವಿಕರೇ ಹೆಚ್ಚಾಗಿ ಬದುಕಿ ಬರುವುದನ್ನು ಹೋಲ್ಟನು ಕಂಡಿದ್ದನೆಂದು ಹೇಳುತ್ತಾರೆ. ತರುಣರಲ್ಲಿ ಮೈಯ ಬಲಕ್ಕೆ ಕೊರತೆಯಿರಲಿಲ್ಲ. ಕಷ್ಟವನ್ನು ಹಿಂದೆ ಕಂಡು ಬಲ್ಲೆನೆಂಬ ನೆಚ್ಚಿಕೆಯ ಕೊರತೆಯಿತ್ತು. ಆ ನೆಚ್ಚಿಕೆಯನ್ನು ಉಪದೇಶದಿಂದ ಕೊಡಲಾಗುವುದಿಲ್ಲ. ಒಮ್ಮೆ ದಾರಿತಪ್ಪಿ ಮತ್ತೆ ದಾರಿಯನ್ನು ಕಂಡುಕೊಂಡವನಿಗೆ, ಒಮ್ಮೆ ಮಳೆಯಲ್ಲಿ ನೆನೆದು ಒಲೆ ಹೊತ್ತಿಸಿದವನಿಗೆ ಅದು ತಾನಾಗಿ ಬರುತ್ತದೆ. ಧೈರ್ಯವು ಹುಟ್ಟುಗುಣವೇ ಆಗಿದ್ದರೂ ಬೀಜಕ್ಕೆ ನೀರು ಬೇಡವೆಂದು ಯಾವ ಒಕ್ಕಲಿಗನೂ ಹೇಳುವುದಿಲ್ಲ.

ಮೂರನೆಯ ಆಕ್ಷೇಪವೇ ಎಲ್ಲಕ್ಕಿಂತ ಗಟ್ಟಿಯಾದದ್ದು. ಅದರ ಬಹುಭಾಗವನ್ನು ಒಪ್ಪಲೇಬೇಕು. ೨೦೨೪ರ ಜನವರಿಯ ಕೊನೆಯಲ್ಲಿ ಕುಮಾರಪರ್ವತದ ತಪ್ಪಲಿನಲ್ಲಿ ಚಾರಣಿಗರ ಸಂದಣಿ ಮಿತಿಮೀರಿ ಸರಕಾರವು ಕಟ್ಟುಪಾಡುಗಳನ್ನು ವಿಧಿಸಬೇಕಾಯಿತು. ಅದೇ ವರ್ಷದ ಜೂನ್ ತಿಂಗಳಲ್ಲಿ ಉತ್ತರಾಖಂಡದ ಸಹಸ್ರತಾಲದ ಹಾದಿಯಲ್ಲಿ ಹಿಮಗಾಳಿಗೆ ಸಿಕ್ಕಿ ಕರ್ನಾಟಕದಿಂದ ಹೊರಟ ತಂಡದ ಒಂಬತ್ತು ಮಂದಿ ಪ್ರಾಣಬಿಟ್ಟರು. ಅನುಭವವುಳ್ಳವರನ್ನೂ ಪರ್ವತವು ಬಿಡುವುದಿಲ್ಲವೆಂಬುದಕ್ಕೆ ಅದು ಸಾಕ್ಷಿ. ಕಾಡು ಬೆಟ್ಟಗಳಿಗೆ ಜನರನ್ನು ಕಳುಹಿಸುವುದು ಸುಲಭ. ಅಲ್ಲಿ ಹೇಗೆ ಇರಬೇಕು, ಎಲ್ಲಿ ನಿಲ್ಲಬೇಕು, ಯಾವಾಗ ಹಿಂದಿರುಗಬೇಕು ಎಂಬುದನ್ನು ಕಲಿಸುವುದು ಕಷ್ಟ. ಆದಕಾರಣ ಕೊಡುವ ಹಣವು ಬಸ್ಸಿನ ಬಾಡಿಗೆಗೂ ಊಟಕ್ಕೂ ಮುಗಿದುಹೋಗಿ ಗುರುವಿಗೆ ಏನೂ ಉಳಿಯದಿದ್ದರೆ ಆ ಸಹಾಯವು ಸಹಾಯವಲ್ಲ, ಅಪಾಯಕ್ಕೆ ಕೊಟ್ಟ ಕೈಗಾಣಿಕೆ. ಜೋಗಿಮಟ್ಟಿಯಂತಹ ವನ್ಯಜೀವಿಧಾಮಕ್ಕೆ ಅಪ್ಪಣೆಯಿಲ್ಲದೆ ಪ್ರವೇಶವಿಲ್ಲವೆಂಬ ಕಟ್ಟಳೆಯಿದೆ. ಹುಡುಗರು ಇದನ್ನು ಅಡ್ಡಿಯೆಂದು ತಿಳಿಯದೆ ಮೊದಲನೆಯ ಪಾಠವೆಂದು ತಿಳಿಯುವಂತೆ ಮಾಡಬೇಕು. ಪರರ ಮನೆಯ ಬಾಗಿಲಲ್ಲಿ ನಿಂತು ‘ಒಳಗೆ ಬರಬಹುದೇ’ ಎಂದು ಕೇಳಲು ಕಲಿತವನು ವನಯಾತ್ರೆಯ ಅರ್ಧವನ್ನು ಕಲಿತಂತೆಯೇ.

ಹಾಗಾದರೆ ಈ ದ್ರವ್ಯಕ್ಕೆ ಏನು ಹೆಸರು? ದಾನವೆಂದರೆ ಕೊಟ್ಟವನ ಕೈ ಮೇಲಾಗುತ್ತದೆ, ಪಡೆದವನ ಕೈ ಕೆಳಗಾಗುತ್ತದೆ. ತಲೆತಗ್ಗಿಸಿದವನಿಗೆ ತಲೆಯೆತ್ತುವ ವಿದ್ಯೆಯನ್ನು ಕಲಿಸುವುದೆಂತು? ಬಹುಮಾನವೆಂದರೆ ಆಗಲೇ ಗೆದ್ದವನಿಗೆ ಸಲ್ಲತಕ್ಕದ್ದು. ಇನ್ನೂ ಅವಕಾಶವನ್ನೇ ಕಾಣದವನಿಗೆ ಅದು ಸಲ್ಲದು. ಇದಕ್ಕೆ ಉತ್ತರವನ್ನು ಛಾಂದೋಗ್ಯೋಪನಿಷತ್ತಿನ ಸತ್ಯಕಾಮ ಜಾಬಾಲನ ವೃತ್ತಾಂತದಲ್ಲಿ ಕಾಣಬಹುದು. ತನ್ನ ಗೋತ್ರ ಯಾವುದೆಂದು ತನಗೆ ತಿಳಿಯದೆಂದು ಸತ್ಯವನ್ನೇ ನುಡಿದ ಹುಡುಗನನ್ನು ಗೌತಮನು ಶಿಷ್ಯನನ್ನಾಗಿ ಸ್ವೀಕರಿಸಿ, ಬಡಕಲಾದ ನಾನ್ನೂರು ಗೋವುಗಳನ್ನು ಅವನ ವಶಕ್ಕೆ ಕೊಟ್ಟನು. ಅವು ಸಾವಿರವಾಗುವ ತನಕ ಹಿಂದಿರುಗೆನೆಂದು ಸತ್ಯಕಾಮನು ಹೊರಟು ಹಲವು ವರ್ಷ ಹೊರಗಿದ್ದನು. ವೃಷಭವೂ ಅಗ್ನಿಯೂ ಹಂಸವೂ ಮದ್ಗುವೆಂಬ ನೀರುಹಕ್ಕಿಯೂ ಅವನಿಗೆ ಒಂದೊಂದು ಪಾದವನ್ನು ಬೋಧಿಸಿದುವು. ಹಿಂದಿರುಗಿದ ಮೇಲೆ, ಕಲಿತೆನೆಂದು ಬೀಗದೆ, ಗುರುವೇ ತನಗೆ ಬೋಧಿಸಬೇಕೆಂದು ಕೇಳಿಕೊಂಡನು. ಗೌತಮನು ಕೊಟ್ಟದ್ದು ದಾನವಲ್ಲ, ಬಹುಮಾನವೂ ಅಲ್ಲ; ಅದು ನ್ಯಾಸ, ಅಂದರೆ ನಂಬಿ ಒಪ್ಪಿಸಿದ ಒಡವೆ. ಕುಲವನ್ನು ಕೇಳಿ ಕೊಡಲಿಲ್ಲ, ಸತ್ಯವನ್ನು ಕಂಡು ಕೊಟ್ಟನು. ಕೊಟ್ಟದ್ದು ಬಡಕಲು, ಹಿಂದಿರುಗಿ ಬಂದದ್ದು ಸಮೃದ್ಧಿ. ಹುಡುಗನನ್ನು ಕಾಡಿಗೆ ಕಳುಹಿಸುವ ಸಮಾಜವು ಗೌತಮನ ಸ್ಥಾನದಲ್ಲಿ ನಿಲ್ಲಬೇಕು. ಪಡೆದವನು ಸತ್ಯಕಾಮನಂತೆ ಋಣಿಯಾಗಿರಬೇಕು. ಆ ಋಣವನ್ನು ನಾಣ್ಯದಲ್ಲಿ ತೀರಿಸಬೇಕಾದದ್ದಿಲ್ಲ.

ಈ ನಿರ್ಣಯದಿಂದ ಒಂದು ಕಷ್ಟವಾದ ಪ್ರಶ್ನೆಯು ತಪ್ಪದೆ ಏಳುತ್ತದೆ. ಇಂದಿಗೂ ದನ ಕುರಿಗಳನ್ನು ಹೊಡೆದುಕೊಂಡು ಬಯಲು ಗುಡ್ಡಗಳಲ್ಲಿ ದಿನ ಕಳೆಯುವ ಜಾಬಾಲರು ಈ ಸೀಮೆಯಲ್ಲಿಯೇ ಇದ್ದಾರೆ. ಹಿರಿಯೂರು, ಚಳ್ಳಕೆರೆಗಳ ಕಡೆಯ ಗೊಲ್ಲರಹಟ್ಟಿಗಳ ಕುರಿಗಾಹಿ ಹುಡುಗನಿಗೆ ದಿಕ್ಕು ತಿಳಿಯಲು ಯಂತ್ರ ಬೇಡ. ಯಾವ ಹಳ್ಳದ ಮರಳನ್ನು ತೋಡಿದರೆ ನೀರು ಬರುತ್ತದೆ, ಗಾಳಿ ತಿರುಗಿದರೆ ಮಳೆ ಎತ್ತಣಿಂದ ಬರುತ್ತದೆ, ತೋಳನು ಯಾವ ಹೊತ್ತಿನಲ್ಲಿ ಹೊಂಚುತ್ತದೆ ಎಂಬುದೆಲ್ಲ ಅವನಿಗೆ ಕರತಲಾಮಲಕ. ಕಂಬಳಿಯೊಂದಿದ್ದರೆ ಡೇರೆಯ ಹಂಗಿಲ್ಲ. ಕಾಡು ಕಾಯಿದೆಗೆ ಒಳಪಟ್ಟ ಮೇಲೆ ಅವನ ಮಂದೆ ಅಲ್ಲಿ ಮೊದಲಿನಂತೆ ಮೇಯುವ ಹಾಗಿಲ್ಲ; ಕಾಡಿನ ಉಳಿವಿಗೆ ಅದು ಬೇಕಾಗಿಯೂ ಇರಬಹುದು. ಆದರೆ ಅವನನ್ನು ಹೊರಗಿರಿಸಿದ ಗಡಿಯೊಳಕ್ಕೆ ಪಟ್ಟಣದ ಹುಡುಗನನ್ನು ಹಣಕೊಟ್ಟು ಕರೆದೊಯ್ಯುವಾಗ, ಅವನು ಹುಟ್ಟಿನಿಂದ ಬಲ್ಲ ವಿದ್ಯೆಯನ್ನು ಪ್ರಮಾಣಪತ್ರದೊಡನೆ ಇನ್ನೊಬ್ಬನಿಗೆ ಕಲಿಸುವಾಗ, ನ್ಯಾಯದ ತಕ್ಕಡಿ ಎತ್ತ ವಾಲಿತೆಂಬುದನ್ನು ನೋಡದೆ ಇರಲಾಗದು. ಒಂದೇ ಕೆಲಸಕ್ಕೆ ಒಬ್ಬನಲ್ಲಿ ಸಾಹಸವೆಂದೂ ಇನ್ನೊಬ್ಬನಲ್ಲಿ ದಾರಿದ್ರ್ಯವೆಂದೂ ಹೆಸರಿಡುವ ಲೋಕವು ವಿದ್ಯೆಯನ್ನು ಗೌರವಿಸುತ್ತಿಲ್ಲ, ವೇಷವನ್ನು ಗೌರವಿಸುತ್ತಿದೆ.

ಇದಕ್ಕೆ ಪರಿಹಾರವು ಸಹಾಯವನ್ನು ನಿಲ್ಲಿಸುವುದರಲ್ಲಿಲ್ಲ, ಅದನ್ನು ಸರಿಯಾದ ಕೈಗಳಿಗೆ ಮುಟ್ಟಿಸುವುದರಲ್ಲಿದೆ. ಶಾಸ್ತ್ರಕಾರರು ಕೊಡುವವನಿಗೆ ದೇಶ, ಕಾಲ, ಪಾತ್ರಗಳನ್ನು ನೋಡೆಂದರು. ದೇಶವೆಂದರೆ ಮೊದಲು ಹತ್ತಿರದ ಕಾಡು. ಜೋಗಿಮಟ್ಟಿಯನ್ನು ಅರಿಯದ ದುರ್ಗದ ಹುಡುಗನಿಗೆ ಹಿಮಾಲಯವು ಚಿತ್ರಪಟವಷ್ಟೆ. ಕಾಲವೆಂದರೆ ಕಾಡಿಗೆ ಹಿತವಾದ ಕಾಲ. ಹುಲ್ಲು ಒಣಗಿ ಒಂದು ಬೆಂಕಿಕಡ್ಡಿಗೆ ಗುಡ್ಡವೆಲ್ಲ ಉರಿಯುವ ಬೇಸಗೆಯಲ್ಲಿ ಗುಂಪನ್ನು ಕೊಂಡೊಯ್ಯುವುದು ವಿವೇಕವಲ್ಲ. ಪಾತ್ರವೆಂದರೆ ತನ್ನ ಶಕ್ತಿಯಿಂದ ಹೋಗಲಾರದವನು. ತೆರಬಲ್ಲವನು ತೆರಲಿ, ಬ್ರೌನ್‌ಸೀಯಲ್ಲಿ ಆದಂತೆ ಹೆಚ್ಚಾಗಿಯೇ ತೆರಲಿ. ಗುರುವಿನ ವಿಷಯದಲ್ಲಿಯೂ ಪಾತ್ರವಿಚಾರವುಂಟು. ಹಗ್ಗದ ಗಂಟುಗಳನ್ನೂ ಗಾಯದ ಉಪಚಾರವನ್ನೂ ಕಲಿಸುವವನ ಜೊತೆಗೆ ಕುರಿಗಾಹಿಯೂ ಅರಣ್ಯದ ಕಾವಲುಗಾರನೂ ವೇತನಪಡೆದು, ಗೌರವದಿಂದ, ಆ ಹುಡುಗರ ಮುಂದೆ ಉಪಾಧ್ಯಾಯರಾಗಿ ನಿಲ್ಲಲಿ. ಕುರಿಗಾಹಿಯ ಮಗನು ಹಗ್ಗದ ವಿದ್ಯೆಯನ್ನು ಕಲಿಯುವ ಆಸೆಪಟ್ಟರೆ ಮೊದಲ ಸ್ಥಾನವು ಅವನದಾಗಲಿ. ಅವನು ಅರ್ಧದಾರಿಯನ್ನು ಆಗಲೇ ನಡೆದಿದ್ದಾನೆ.

ಇನ್ನು ಋಣವನ್ನು ತೀರಿಸುವ ಬಗೆ. ಕಾಡಿನಿಂದ ಬಂದವನು ಕಾಡಿಗಾಗಿ ಬೇಸಗೆಯಲ್ಲಿ ಬೆಂಕಿಯ ಕಾವಲಿಗೆ ಒಂದು ವಾರ ಕೊಡಬಹುದು. ಊರಿನ ಕೆರೆಯಲ್ಲಿ ಈಜು ಬಾರದ ಮಕ್ಕಳಿಗೆ ಈಜನ್ನು ಕಲಿಸಬಹುದು. ನೆರೆ ಬಂದಾಗ, ಯಾರಾದರೂ ಬಾವಿಗೆ ಬಿದ್ದಾಗ, ಹಗ್ಗ ಹಿಡಿದು ಮೊದಲು ಇಳಿಯುವವನಾಗಬಹುದು. ತನಗೆ ದಾರಿ ತೋರಿದಂತೆ ಕಿರಿಯನೊಬ್ಬನಿಗೆ ದಾರಿ ತೋರಬಹುದು. ಬರದ ಸೀಮೆಯ ರೈತನು ತನ್ನ ತೆರಿಗೆಯ ಕಾಸು ಹೀಗೆ ಹಿಂದಿರುಗಿ ಬರುವುದನ್ನು ಕಂಡರೆ ಅವನೂ ಅದನ್ನು ಪರಿಹಾಸವೆನ್ನಲಾರನು. ಹಿಂದಿರುಗದಿದ್ದರೆ ಮಾತ್ರ ಅವನ ಆಕ್ಷೇಪವೇ ಗೆಲ್ಲುತ್ತದೆ, ಗೆಲ್ಲಬೇಕಾದದ್ದೂ ನ್ಯಾಯವೇ. ನಾನ್ನೂರು ಬಡಕಲು ಗೋವುಗಳನ್ನು ಮಾರಿ ತಿಂದು ಬರಿಗೈಯಲ್ಲಿ ಬಂದ ಶಿಷ್ಯನ ಕಥೆಯನ್ನು ಯಾವ ಋಷಿಯೂ ಉಪನಿಷತ್ತಿನಲ್ಲಿ ಸೇರಿಸುತ್ತಿರಲಿಲ್ಲ.